ಕಾಲು ಅಳತೆಯ ಟೈಗರ್ ಮಾತ್: ಎಂಜಿನ್, ತಂತಿ, ತೂಕ, ಮೊದಲ ಹಾರಾಟ (ಮಾದರಿ ವಿಮಾನ ಕಟ್ಟುವವರ ಮಾತುಕತೆ; ಪ್ರತಿ ಮಾತಿನ ಮೇಲಿರುವುದು ಬರೆದವರ ಅಡ್ಡಹೆಸರು)

ಎರಡುರೆಕ್ಕೆ
ಕಟ್ಟುತ್ತಿರುವುದು ಡಿ ಹ್ಯಾವಿಲೆಂಡ್ ಡಿಎಚ್ 82ಎ ಟೈಗರ್ ಮಾತ್ ವಿಮಾನದ ರೇಡಿಯೋ ನಿಯಂತ್ರಿತ ಮಾದರಿ, 1/4 ಅಳತೆ. ರೆಕ್ಕೆಯ ಅಗಲ 2.23 ಮೀಟರ್, ಎರಡು ರೆಕ್ಕೆಗಳ ಒಟ್ಟು ವಿಸ್ತೀರ್ಣ 1.39 ಚದರ ಮೀಟರ್, ಉದ್ದ 1.82 ಮೀಟರ್. ಹಂದರ ಮುಗಿದಿದೆ, ಬಟ್ಟೆ ಇನ್ನೂ ಹೊದಿಸಿಲ್ಲ. ಅಂದಾಜು ತೂಕ 9 ಕೆ.ಜಿ. ಪ್ರಶ್ನೆ ಮೂರು. ಎಂಜಿನ್ ಎಷ್ಟು ಸಿಸಿ ಬೇಕು? ರೆಕ್ಕೆಯ ತಂತಿಗಳು ನಿಜಕ್ಕೂ ಭಾರ ಹೊರಬೇಕೇ, ನೋಡಲಿಕ್ಕೆ ಎಲಾಸ್ಟಿಕ್ ದಾರ ಕಟ್ಟಿದರೆ ಸಾಕೇ? ಸಿಜಿಯನ್ನು (ಗುರುತ್ವಕೇಂದ್ರವನ್ನು) ಮೇಲಿನ ರೆಕ್ಕೆಯ ಮುಂದಿನ ಅಂಚಿನಿಂದ, ನಡುವೆ ಅಳೆಯಿರಿ ಎಂದು ನಕ್ಷೆಯಲ್ಲಿದೆ. ಅದನ್ನೇ ನಂಬಬಹುದೇ?

ಸ್ಪಿನ್ನರ್
9 ಕೆ.ಜಿ. ದಾಟದಿದ್ದರೆ 26ರಿಂದ 30 ಸಿಸಿ ಪೆಟ್ರೋಲ್ ಟೂ-ಸ್ಟ್ರೋಕ್ ಧಾರಾಳ. 30 ಸಿಸಿಗೆ 19×8 ಅಥವಾ 20×6 ಪ್ರೊಪೆಲ್ಲರ್ (ಇಂಚಿನಲ್ಲಿ ವ್ಯಾಸ × ಪಿಚ್; ಪಿಚ್ ಅಂದರೆ ಒಂದು ಸುತ್ತಿಗೆ ಮುಂದೆ ಸಾಗಬೇಕಾದ ದೂರ). 19×8 ನಿಮಿಷಕ್ಕೆ 6,800 ಸುತ್ತು ತಿರುಗಿದರೆ ಪಿಚ್ ವೇಗ ಗಂಟೆಗೆ 83 ಕಿ.ಮೀ. ಬರುತ್ತದೆ. ಅದಕ್ಕಿಂತ ಹೆಚ್ಚು ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಎರಡು ರೆಕ್ಕೆ, ಅವುಗಳ ನಡುವಿನ ಕಂಬಗಳಾದ ಸ್ಟ್ರಟ್‌ಗಳು, ಇಷ್ಟೊಂದು ತಂತಿ, ತೆರೆದ ಕಾಕ್‌ಪಿಟ್ ಎಲ್ಲ ಸೇರಿ ಗಾಳಿಯ ತಡೆ ಬೇಕಾದಷ್ಟಿದೆ. ಚಿಕ್ಕ ಪ್ರೊಪೆಲ್ಲರನ್ನು ಜೋರಾಗಿ ತಿರುಗಿಸಿದರೆ ಸದ್ದು ಬರುತ್ತದೆಯೇ ಹೊರತು ಎಳೆತ ಬರುವುದಿಲ್ಲ. ದೊಡ್ಡ ವ್ಯಾಸ, ಕಡಿಮೆ ಸುತ್ತು ಇರಲಿ.

50 ಸಿಸಿ ಹಾಕಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಮೂಲ ವಿಮಾನದ ಜಿಪ್ಸಿ ಮೇಜರ್ ಎಂಜಿನ್ 130 ಅಶ್ವಶಕ್ತಿಯದು, ಗರಿಷ್ಠ ವೇಗ ಗಂಟೆಗೆ 175 ಕಿ.ಮೀ. ಆಸುಪಾಸು. ಮಾದರಿಯ ವೇಗ ಅಳತೆಯ ವರ್ಗಮೂಲದಂತೆ ಇಳಿಯಬೇಕು. 1/4 ಅಂದರೆ ಅರ್ಧ, ಸುಮಾರು 87 ಕಿ.ಮೀ. ಅದನ್ನು ಮೀರಿ ಹಾರಿಸಿದರೆ ಟೈಗರ್ ಮಾತ್ ಥರ ಕಾಣುವುದೇ ಇಲ್ಲ.

ಬ್ಯಾಟರಿಪೆಟ್ಟಿಗೆ
ವಿದ್ಯುತ್ ಮೋಟಾರನ್ನೂ ಒಮ್ಮೆ ಯೋಚಿಸಿ. ಕೆ.ಜಿ.ಗೆ 180ರಿಂದ 190 ವ್ಯಾಟ್ ಲೆಕ್ಕ ಹಿಡಿದರೆ 1,700 ವ್ಯಾಟ್. 8 ಸೆಲ್ ಲಿಪೋ ಬ್ಯಾಟರಿ, 29.6 ವೋಲ್ಟ್, 57 ಆಂಪ್ಸ್. 5,000 ಎಂಎಎಚ್ ಪ್ಯಾಕ್ 1.1 ಕೆ.ಜಿ. ಹತ್ತಿರ ತೂಗುತ್ತದೆ. ಈ ವಿಮಾನಕ್ಕೆ ಮೂತಿಯಲ್ಲಿ ಹೇಗೂ ಸೀಸ ಹಾಕಲೇಬೇಕು, ಸೀಸದ ಬದಲು ಬ್ಯಾಟರಿ ಕೂರಲಿ. ಸರಾಸರಿ 650 ವ್ಯಾಟ್ ಬಳಕೆಯಲ್ಲಿ, ಪ್ಯಾಕಿನಲ್ಲಿ 20% ಉಳಿಸಿಕೊಂಡರೂ 10–11 ನಿಮಿಷ ಹಾರುತ್ತದೆ. ನಡುಕ ಇಲ್ಲ, ಇಗ್ನಿಷನ್ ಗಲಾಟೆ ಇಲ್ಲ, ಎಣ್ಣೆ ಒರೆಸುವ ಕೆಲಸವೂ ಇಲ್ಲ.

ಸ್ಪಿನ್ನರ್
ಲೆಕ್ಕ ಸರಿ. ಆದರೆ ಒಂದೇ ದಿನ ನಾಲ್ಕೈದು ಸಲ ಹಾರಿಸಬೇಕೆಂದರೆ ಅಷ್ಟೂ ಪ್ಯಾಕ್ ಬೇಕು, ದೊಡ್ಡ ಚಾರ್ಜರ್ ಬೇಕು. ಮೂತಿಯ ತೂಕದ ಮಾತು ಮಾತ್ರ ಪೂರ್ತಿ ಒಪ್ಪುತ್ತೇನೆ.

ತಂತಿಕಟ್ಟು
ಎರಡನೆಯ ಪ್ರಶ್ನೆಗೆ ಬರುತ್ತೇನೆ. ಈ ಅಳತೆಯಲ್ಲಿ ತಂತಿಗಳು ಕೆಲಸ ಮಾಡಲೇಬೇಕು. ಎಲಾಸ್ಟಿಕ್ ದಾರ ಸಾಕಾಗುವುದು ರೆಕ್ಕೆಯೊಳಗಿನ ಉದ್ದ ತೊಲೆ, ಅಂದರೆ ಸ್ಪಾರ್, ಒಂದೇ ಇಡೀ ಭಾರ ಹೊರುವಂತೆ ಕಟ್ಟಿದಾಗ. ನಿಮ್ಮ ನಕ್ಷೆಯಲ್ಲಿ 6×6 ಮಿ.ಮೀ. ಸ್ಪ್ರೂಸ್ ಸ್ಪಾರ್ ಇದ್ದರೆ ಅದು ತಂತಿಯ ಆಸರೆ ಇದೆಯೆಂದೇ ಲೆಕ್ಕ ಹಾಕಿದ ರೆಕ್ಕೆ.

ಯಾವ ತಂತಿ ಏನು ಮಾಡುತ್ತದೆ ಎಂಬುದು ಮೊದಲು ಗೊತ್ತಿರಲಿ. ಫ್ಲೈಯಿಂಗ್ ವೈರ್ ಕೆಳರೆಕ್ಕೆಯ ಬುಡದಿಂದ ಹೊರಟು ಮೇಲುರೆಕ್ಕೆಯಲ್ಲಿ ಹೊರಗಿನ ಸ್ಟ್ರಟ್ ತಲೆಗೆ ಹೋಗುತ್ತದೆ. ಹಾರುವಾಗ ರೆಕ್ಕೆ ಮೇಲಕ್ಕೆ ಮಡಚದಂತೆ ಹಿಡಿಯುವುದು ಇದೇ. ಲ್ಯಾಂಡಿಂಗ್ ವೈರ್ ಕ್ಯಾಬೇನ್ (ಒಡಲ ಮೇಲೆ ಮೇಲುರೆಕ್ಕೆಯ ನಡುಭಾಗ ಹೊರುವ ಕಂಬಗಳು) ತುದಿಯಿಂದ ಕೆಳಗಿಳಿದು ಹೊರಗಿನ ಸ್ಟ್ರಟ್ ಬುಡಕ್ಕೆ ಬರುತ್ತದೆ. ನೆಲದ ಮೇಲೆ ರೆಕ್ಕೆಗಳು ಜೋತುಬೀಳದಂತೆ ನೋಡಿಕೊಳ್ಳುವುದು ಅದರ ಕೆಲಸ. ಮುಂದಿನ ಸ್ಟ್ರಟ್‌ಗೂ ಹಿಂದಿನ ಸ್ಟ್ರಟ್‌ಗೂ ನಡುವೆ ಅಡ್ಡಡ್ಡ ಬರುವ ಜೋಡಿ ಸ್ಟ್ಯಾಗರ್ ವೈರ್, ರೆಕ್ಕೆ ತಿರುಚಿಕೊಳ್ಳದಂತೆ ತಡೆಯುತ್ತದೆ. ಬಹಳ ಜನ ಅಲಕ್ಷ್ಯ ಮಾಡುವುದು ಈ ಮೂರನೆಯದನ್ನೇ.

ಭಾರದ ಲೆಕ್ಕ ಹೀಗೆ. 9 ಕೆ.ಜಿ. ವಿಮಾನ 4 ಜಿ (ತೂಕದ ನಾಲ್ಕು ಪಟ್ಟು) ಎಳೆದರೆ ಒಟ್ಟು ಎತ್ತುಬಲ 36 ಕೆ.ಜಿ., ಒಂದು ಬದಿಗೆ 18. ಅದರಲ್ಲಿ ಸುಮಾರು 11 ಕೆ.ಜಿ. ಹೊರಗಿನ ಸ್ಟ್ರಟ್ ಸಂಧಿಗೆ ಬರುತ್ತದೆ ಅಂದುಕೊಳ್ಳಿ. ಕೆಳರೆಕ್ಕೆಯ ಪಾಲೂ ಸ್ಟ್ರಟ್ ಮೂಲಕ ಅಲ್ಲಿಗೇ ಸೇರುತ್ತದೆ. ತಂತಿ ಅಡ್ಡಕ್ಕೆ 27 ಡಿಗ್ರಿ ಇದ್ದರೆ 11ನ್ನು 0.45ರಿಂದ (27 ಡಿಗ್ರಿಯ ಸೈನ್) ಭಾಗಿಸಿ: 24 ಕೆ.ಜಿ. ಜೋಡಿ ತಂತಿ ಇದ್ದರೆ ಒಂದೊಂದಕ್ಕೆ 12. ತಂತಿ ಮಲಗಿದಷ್ಟೂ ಎಳೆತ ಹೆಚ್ಚುತ್ತದೆ ಎಂಬುದು ಇಲ್ಲಿ ಗಮನಿಸಬೇಕಾದ್ದು. ಹಾಗಾಗಿ 40 ಕೆ.ಜಿ. ತಾಳುವ, ನೈಲಾನ್ ಲೇಪನದ ಏಳೆಳೆ ಉಕ್ಕಿನ ತಂತಿ ಹಾಕಿ. ಕ್ರಿಂಪ್ ಮಾಡಿದ (ನಳಿಗೆ ಒತ್ತಿ ತಂತಿ ಕಚ್ಚಿಸಿದ) ಕಡೆ ಬಲ ಸ್ವಲ್ಪ ಕಳೆದರೂ ಎರಡೂವರೆ ಪಟ್ಟು ಮೀಸಲು ಉಳಿಯುತ್ತದೆ.

ಕ್ರಿಂಪ್ ಹೀಗಿರಲಿ: ತಾಮ್ರದ ನಳಿಗೆಯಲ್ಲಿ ತಂತಿ ತೂರಿಸಿ, ಕೊಕ್ಕೆ ಸುತ್ತಿ ವಾಪಸ್ ತೂರಿಸಿ, ಉಳಿದ ತುದಿಯನ್ನು ಮೂರನೆಯ ಸಲವೂ ತೂರಿಸಿ, ಆಮೇಲೆ ಎರಡು ಕಡೆ ಒತ್ತಿ. ಎರಡೇ ಸಲ ತೂರಿಸಿ ಒತ್ತಿದ್ದು ಜಾರುತ್ತದೆ. ಮಾಡಿದ ಪ್ರತಿ ತಂತಿಗೂ 20 ಕೆ.ಜಿ. ತೂಗುಹಾಕಿ ಒಂದು ನಿಮಿಷ ಬಿಡಿ. ನಳಿಗೆಯ ಬಾಯಲ್ಲಿ ಮಾರ್ಕರ್‌ನಿಂದ ಗೆರೆ ಎಳೆದಿಟ್ಟರೆ ಜಾರಿದ್ದು ತಕ್ಷಣ ಕಾಣುತ್ತದೆ.

ಬಾಲ್ಸಾಪುಡಿ
ತಂತಿಯಷ್ಟೇ ಅದು ಕಚ್ಚಿಕೊಂಡ ಜಾಗವೂ ಮುಖ್ಯ. 1.5 ಮಿ.ಮೀ. ಪ್ಲೈವುಡ್ ಪಕ್ಕೆಗೆ ಸ್ಕ್ರೂ ಹೊಡೆದು ತಂತಿ ಸಿಕ್ಕಿಸಿದರೆ ತಂತಿ ಉಳಿಯುತ್ತದೆ, ಪಕ್ಕೆ ಕಿತ್ತು ಬರುತ್ತದೆ. ಸ್ಟ್ರಟ್ ಬರುವಲ್ಲಿ ಮೇಲಿನ ಮತ್ತು ಕೆಳಗಿನ ಸ್ಪಾರ್ ನಡುವೆ ಗಟ್ಟಿಮರದ ದಿಮ್ಮಿ ಕೂರಿಸಿ, ಎರಡೂ ಕಡೆ ಪ್ಲೈವುಡ್ ತಟ್ಟೆ ಎಪಾಕ್ಸಿಯಿಂದ ಅಂಟಿಸಿ, 1 ಮಿ.ಮೀ. ಉಕ್ಕಿನ ಪಟ್ಟಿಯನ್ನು ಎಂ3 ಬೋಲ್ಟಿನಿಂದ ಆರಪಾರ ಬಿಗಿಯಿರಿ. ಬಟ್ಟೆ ಹೊದಿಸಿದ ಮೇಲೆ ಇದನ್ನು ಮಾಡಲಾಗುವುದಿಲ್ಲ, ಈಗಲೇ ನೋಡಿ.

ಮೇಲಿನ, ಕೆಳಗಿನ ಸ್ಪಾರ್ ಸೇರಿಸುವ ಬಾಲ್ಸಾ (ಹಗುರ ಮರ) ಹಲಗೆಯ, ಅಂದರೆ ವೆಬ್‌ನ, ಎಳೆ ನೆಟ್ಟಗೆ, ಮೇಲಿಂದ ಕೆಳಕ್ಕೆ ಇದೆಯೇ ಎಂದೂ ನೋಡಿ. ಹಾಳೆ ಉಳಿಸಲು ಅಡ್ಡ ಎಳೆಯಲ್ಲಿ ಕತ್ತರಿಸಿ ಅಂಟಿಸಿದ್ದರೆ ಬಿಚ್ಚಿ ಬದಲಿಸಿ.

ಎರಡುರೆಕ್ಕೆ
ವೆಬ್ ಎಳೆ ನೆಟ್ಟಗೇ ಇದೆ. ಸ್ಟ್ರಟ್ ಜಾಗದಲ್ಲಿ ದಿಮ್ಮಿ ಇಲ್ಲ, ಕೂರಿಸುತ್ತೇನೆ. ಕ್ಯಾಬೇನ್ 4 ಮಿ.ಮೀ. ಪಿಯಾನೋ ತಂತಿಯದು. ಅದರ ಸಂಧಿಗೆ ಸಾಮಾನ್ಯ ಸೋಲ್ಡರ್ ನಡೆಯುತ್ತದೆಯೇ?

ತಂತಿಕಟ್ಟು
ಇಲ್ಲ. ಎಲೆಕ್ಟ್ರಾನಿಕ್ಸಿಗೆ ಬಳಸುವ ಮೆದು ಸೋಲ್ಡರ್ ನಡುಕಕ್ಕೆ ಬಿರುಕು ಬಿಡುತ್ತದೆ. ಸಿಲ್ವರ್ ಸೋಲ್ಡರ್ ಬೇಕು. ಮರಳುಕಾಗದದಲ್ಲಿ ಉಜ್ಜಿ ಹೊಳಪು ಬರಿಸಿ, ತೆಳು ತಾಮ್ರದ ತಂತಿ ಒತ್ತೊತ್ತಾಗಿ ಸುತ್ತಿ, ಫ್ಲಕ್ಸ್ ಹಚ್ಚಿ ಕಾಯಿಸಿ. ತಣ್ಣಗಾಗಲು ಬಿಟ್ಟುಬಿಡಿ, ನೀರಿಗೆ ಅದ್ದಿದರೆ ಪಿಯಾನೋ ತಂತಿ ಪೆಡಸಾಗುತ್ತದೆ. ಕೆಲಸವೆಲ್ಲ ಮರದ ಜಿಗ್‌ನಲ್ಲಿ ಕಟ್ಟಿಹಾಕಿಯೇ ಆಗಬೇಕು. ಕೈ ಅಂದಾಜಿನಲ್ಲಿ ಮಾಡಿದ ಕ್ಯಾಬೇನ್ ಒಂದು ಡಿಗ್ರಿ ವಾಲಿದರೂ ಮೇಲುರೆಕ್ಕೆಯ ತುದಿಯಲ್ಲಿ 2 ಸೆಂ.ಮೀ. ವ್ಯತ್ಯಾಸ ಬರುತ್ತದೆ.

ಲೆಕ್ಕಪುಸ್ತಕ
ಸಿಜಿ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ನಾನು ಕೈಹಾಕುತ್ತೇನೆ.

ಟೈಗರ್ ಮಾತ್‌ನ ರೆಕ್ಕೆಗಳು ಹಿಂದಕ್ಕೆ ವಾಲಿವೆ. ಮುಂದಿನ ಆಸನದಲ್ಲಿರುವವರು ಪ್ಯಾರಾಚೂಟ್ ಕಟ್ಟಿಕೊಂಡು ಸಲೀಸಾಗಿ ಹೊರಬೀಳಬೇಕೆಂದು ಮೇಲುರೆಕ್ಕೆಯ ನಡುಭಾಗವನ್ನು ಮುಂದಕ್ಕೆ ಸರಿಸಿದರು. ಎತ್ತುಬಲದ ಕೇಂದ್ರ ಮತ್ತೆ ಹಿಂದಕ್ಕೆ ಬರಲೆಂದು ರೆಕ್ಕೆಗಳನ್ನು ಹಿಂದಕ್ಕೆ ವಾಲಿಸಿದರು. ಆದ್ದರಿಂದ ನಡುವಿನ ಕಾರ್ಡ್ (ರೆಕ್ಕೆಯ ಮುಂಅಂಚಿನಿಂದ ಹಿಂಅಂಚಿಗಿರುವ ದೂರ) ಒಂದನ್ನೇ ಹಿಡಿದು ‘25%’ ಅಳೆದರೆ ಸಿಜಿ ಇರಬೇಕಾದ್ದಕ್ಕಿಂತ ಬಹಳ ಮುಂದೆ ಬರುತ್ತದೆ. ನಕ್ಷೆಯಲ್ಲಿರುವುದು ಮಿ.ಮೀ. ಅಂಕಿಯಾದರೆ ಅದು ವಾಲಿಕೆ ಸೇರಿಸಿಯೇ ತೆಗೆದ ಅಂಕಿ ಇರಬಹುದು. ಶೇಕಡಾ ಅಂಕಿಯಾದರೆ ಹಾಗೇ ನಂಬಬೇಡಿ.

ಸರಿಯಾದ ವಿಧಾನ: ಮೇಲಿಂದ ನೋಡಿದಂತೆ ಎರಡೂ ರೆಕ್ಕೆಗಳ ಚಿತ್ರ ಬರೆಯಿರಿ. ಪ್ರತಿ ರೆಕ್ಕೆಯ ಸರಾಸರಿ ಕಾರ್ಡ್ ಎಲ್ಲಿ ಬೀಳುತ್ತದೆ ಗುರುತಿಸಿ. ತುದಿಯ ದುಂಡನ್ನು ಬಿಟ್ಟರೆ ಹೆಚ್ಚುಕಡಿಮೆ ಒಂದೇ ಕಾರ್ಡ್ ಇರುವ ರೆಕ್ಕೆ, ಆದ್ದರಿಂದ ಅರೆರೆಕ್ಕೆಯ ನಡುಭಾಗವೇ ಸಾಕು. ಎರಡು ಕಾರ್ಡ್‌ಗಳ ಮುಂಅಂಚು ಮತ್ತು ಹಿಂಅಂಚುಗಳಿಗೆ ವಿಸ್ತೀರ್ಣದ ಪ್ರಮಾಣದಲ್ಲಿ ಸರಾಸರಿ ತೆಗೆಯಿರಿ. ಸಿಕ್ಕ ಒಂದೇ ಕಾರ್ಡ್‌ನ 25% ಮೊದಲ ಹಾರಾಟಕ್ಕೆ, 28% ರೂಢಿಯಾದ ಮೇಲೆ. ಕಾರ್ಡ್ ಸುಮಾರು 33 ಸೆಂ.ಮೀ. ಇರುವುದರಿಂದ ಈ 3% ಅಂದರೆ ಬರೀ 1 ಸೆಂ.ಮೀ.

ಇನ್ನು ಅಳೆಯುವುದು. ಇಬ್ಬರು ರೆಕ್ಕೆ ಹಿಡಿದೆತ್ತಿ ನೋಡುವುದು ಎರಡು ರೆಕ್ಕೆಯ ವಿಮಾನಕ್ಕೆ ನಂಬಿಕಸ್ಥ ಕ್ರಮವಲ್ಲ. ಒಡಲನ್ನು ಹಾರುವ ಭಂಗಿಯಲ್ಲಿ ಮಟ್ಟ ಮಾಡಿ ಎರಡು ಚಕ್ರಕ್ಕೆ ಎರಡು ತಕ್ಕಡಿ, ಬಾಲದ ಸ್ಕಿಡ್ (ಚಕ್ರದ ಬದಲಿನ ಜಾರುಪಟ್ಟಿ) ಕೆಳಗೆ ಒಂದು ತಕ್ಕಡಿ ಇಡಿ. ಬಾಲದ ತೂಕವನ್ನು ಚಕ್ರದ ಅಚ್ಚಿನಿಂದ ಸ್ಕಿಡ್‌ಗೆ ಇರುವ ದೂರದಿಂದ ಗುಣಿಸಿ, ಒಟ್ಟು ತೂಕದಿಂದ ಭಾಗಿಸಿ. ಒಟ್ಟು 9 ಕೆ.ಜಿ., ದೂರ 125 ಸೆಂ.ಮೀ., ಬಾಲದ ತಕ್ಕಡಿ 720 ಗ್ರಾಂ ತೋರಿಸಿದರೆ ಸಿಜಿ ಅಚ್ಚಿನಿಂದ 10 ಸೆಂ.ಮೀ. ಹಿಂದಿದೆ. ಎಡಬಲ ಚಕ್ರಗಳ ವ್ಯತ್ಯಾಸ ಕೂಡ ಇದರಲ್ಲೇ ಸಿಗುತ್ತದೆ, ಅಡ್ಡ ಸಮತೋಲಕ್ಕೆ ಬೇರೆ ಪರೀಕ್ಷೆ ಬೇಡ.

ತೂಗುವಾಗ ಟ್ಯಾಂಕ್ ಖಾಲಿ ಇರಲಿ. 500 ಮಿ.ಲೀ. ಪೆಟ್ರೋಲ್ ಸುಮಾರು 370 ಗ್ರಾಂ. ಟ್ಯಾಂಕ್ ಸಿಜಿಗಿಂತ 20 ಸೆಂ.ಮೀ. ಮುಂದಿದ್ದರೆ ತುಂಬಿದಾಗ ಸಿಜಿ 8 ಮಿ.ಮೀ. ಮುಂದೆ ಹೋಗುತ್ತದೆ, ಹಾರುತ್ತ ಹಾರುತ್ತ ಹಿಂದೆ ಬರುತ್ತದೆ. ಖಾಲಿ ಟ್ಯಾಂಕಿಗೆ ಸರಿ ಇದ್ದರೆ ತುಂಬಿದ ಟ್ಯಾಂಕಿನಲ್ಲಿ ಅಪಾಯವಿಲ್ಲ. ತಿರುಗಾಮುರುಗಾ ಮಾಡಿದರೆ ಇಳಿಯುವ ಹೊತ್ತಿಗೆ ಬಾಲಭಾರ.

ಬಾಲ್ಸಾಪುಡಿ
ಇದಕ್ಕೆ ಒಂದು ಸೇರ್ಪಡೆ. ಈ ವಿಮಾನದ ಮೂತಿ ಗಿಡ್ಡ, ಬಾಲ ಉದ್ದ. ಮೇಲಿನ ಉದಾಹರಣೆಯಲ್ಲೇ ಸಿಜಿ 2.2 ಸೆಂ.ಮೀ. ಹಿಂದೆ ಬಂತು ಅನ್ನಿ. ಎಂಜಿನ್ ಪಕ್ಕ, ಸಿಜಿಯಿಂದ 40 ಸೆಂ.ಮೀ. ಮುಂದೆ, ಅರ್ಧ ಕೆ.ಜಿ. ಸೀಸ ಬೇಕಾಗುತ್ತದೆ. ಅದೇ ತಿದ್ದುಪಡಿಯನ್ನು ಬಾಲದಲ್ಲಿ 170 ಗ್ರಾಂ ಇಳಿಸಿ ಮಾಡಬಹುದು. ಆ 170 ಗ್ರಾಂ ಎಲ್ಲಿ ಅಡಗಿರುತ್ತದೆ ಗೊತ್ತೇ? ಬಣ್ಣದಲ್ಲಿ, ಎಪಾಕ್ಸಿಯಲ್ಲಿ, ಬಾಲದೊಳಗೆ ಕೂರಿಸಿದ ಸರ್ವೋಗಳಲ್ಲಿ (ಚುಕ್ಕಾಣಿ ತಿರುಗಿಸುವ ಚಿಕ್ಕ ಮೋಟಾರುಗಳಲ್ಲಿ).

ಆದ್ದರಿಂದ ರಡ್ಡರ್ (ಮೂತಿಯನ್ನು ಎಡಬಲ ತಿರುಗಿಸುವ ಬಾಲದ ಪಟ್ಟಿ), ಎಲಿವೇಟರ್ (ಮೂತಿ ಏರಿಳಿಸುವ ಬಾಲದ ಪಟ್ಟಿ) ಸರ್ವೋಗಳನ್ನು ಕಾಕ್‌ಪಿಟ್ ಕೆಳಗಿಟ್ಟು ಜೋಡಿ ಕೇಬಲ್‌ನಲ್ಲಿ ಎಳೆಯಿರಿ. ಮೂಲದಲ್ಲೂ ಕೇಬಲ್ ಹೊರಗೇ ಕಾಣುತ್ತದೆ, ಅಂದವೂ ಹೌದು. ಬಾಲದ ಹಂದರಕ್ಕೆ ಹಗುರ ಬಾಲ್ಸಾ ಆರಿಸಿ ಇಡಿ, ಮೊದಲು ಕೈಗೆ ಸಿಕ್ಕಿದ ಹಾಳೆ ಬಾಲಕ್ಕೆ ಬೇಡ. ಬಟ್ಟೆ ಚದರ ಮೀಟರಿಗೆ 80–110 ಗ್ರಾಂ ಇರುತ್ತದೆ. ಈ ವಿಮಾನಕ್ಕೆ ನಾಲ್ಕೂವರೆ ಚದರ ಮೀಟರ್ ಬೇಕು, ಅಂದರೆ ಬಟ್ಟೆಯೇ ಅರ್ಧ ಕೆ.ಜಿ. ಅದರ ಮೇಲೆ ಉದಾರವಾಗಿ ಬಣ್ಣ ಹೊಡೆದರೆ ಇನ್ನೊಂದು ಅರ್ಧ. ಮೊದಲೇ ಬಣ್ಣವಿರುವ ಬಟ್ಟೆ ತಂದರೆ ಗುರುತಿನ ವೃತ್ತ, ಅಕ್ಷರಗಳಿಗೆ ಮಾತ್ರ ಬಣ್ಣ ಸಾಕು.

ಎರಡುರೆಕ್ಕೆ
ಜೋಡಿ ಕೇಬಲ್‌ನಲ್ಲಿ ಒಂದು ಕಡೆ ಎಳೆದಾಗ ಇನ್ನೊಂದು ಕಡೆ ವಿಪರೀತ ಬಿಗಿಯಾಗಿ ಸರ್ವೋ ಗುಂಯ್ ಅನ್ನುವುದೇಕೆ?

ಲೆಕ್ಕಪುಸ್ತಕ
ಕೇಬಲ್ ಕಟ್ಟುವ ಕೊಂಬಿನ ತೂತುಗಳು ಹಿಂಜ್ ಗೆರೆಯ ನೇರದಲ್ಲಿಲ್ಲ. ತೂತು ಹಿಂಜ್‌ಗಿಂತ ಹಿಂದೋ ಮುಂದೋ ಇದ್ದರೆ ಎರಡು ಕೇಬಲ್‌ಗಳ ಚಲನೆ ಸಮನಾಗುವುದಿಲ್ಲ. ತೂತಿನಿಂದ ತೂತಿಗೆ ಅಗಲ ಸರ್ವೋ ಕಡೆಗೂ ರಡ್ಡರ್ ಕಡೆಗೂ ಒಂದೇ ಇರಲಿ. ಸಡಿಲವಾಗುವ ಕಡೆ ಸ್ವಲ್ಪ ಜೋತುಬಿದ್ದರೆ ಚಿಂತೆಯಿಲ್ಲ, ಬಿಗಿಯಾಗುವುದು ತಪ್ಪು. ರಡ್ಡರಿಗೆ 8–10 ಕೆ.ಜಿ.-ಸೆಂ.ಮೀ. ಸರ್ವೋ ಒಂದು, ಎಲಿವೇಟರಿನ ಎರಡು ಭಾಗಕ್ಕೆ ಬೇರೆಬೇರೆ, ಏಲೆರಾನಿಗೆ (ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಪಟ್ಟಿಗೆ) ತಲಾ 6–8 ಕೆ.ಜಿ.-ಸೆಂ.ಮೀ.

ಸ್ಪಿನ್ನರ್
ಫೈರ್‌ವಾಲ್ (ಎಂಜಿನ್ ಕೂರುವ ಮೂತಿಯ ಹಲಗೆ) ಬಗ್ಗೆ ಬೇಗ ಹೇಳಿಬಿಡುತ್ತೇನೆ. 6 ಮಿ.ಮೀ. ಬರ್ಚ್ ಪ್ಲೈವುಡ್, 30 ನಿಮಿಷದ ಎಪಾಕ್ಸಿ, ಒಳಮೂಲೆಗಳಿಗೆ ತ್ರಿಕೋನ ಮರ, ಬದಿಯಿಂದ ಮರದ ಬೆಣೆ. 5 ನಿಮಿಷದ ಎಪಾಕ್ಸಿ ಶಾಖಕ್ಕೆ ಮೆತ್ತಗಾಗುತ್ತದೆ. ಮುಂಭಾಗಕ್ಕೆ ತೆಳು ಎಪಾಕ್ಸಿ ಬಳಿದು ಎಣ್ಣೆ ಇಂಗದಂತೆ ಮಾಡಿ. ಎಂಜಿನ್ ಬೋಲ್ಟ್‌ಗಳಿಗೆ ಥ್ರೆಡ್‌ಲಾಕ್ ಹಾಕಿ, ಮೊದಲ ಟ್ಯಾಂಕ್ ಓಡಿಸಿದ ಮೇಲೆ ಮತ್ತೆ ಪರೀಕ್ಷಿಸಿ.

ಪೆಟ್ರೋಲ್‌ಗೆ ಸಿಲಿಕಾನ್ ಕೊಳವೆ ಹಾಕಬೇಡಿ, ಉಬ್ಬಿ ಕಳಚಿಕೊಳ್ಳುತ್ತದೆ. ಟೈಗಾನ್ ಅಥವಾ ವೈಟಾನ್ ಇರಲಿ, ಟ್ಯಾಂಕಿನ ಬಿರಡೆಯೂ ಪೆಟ್ರೋಲ್‌ಗೆ ತಾಳುವಂಥದ್ದೇ ಬೇಕು. ಇಗ್ನಿಷನ್‌ಗೆ ಪ್ರತ್ಯೇಕ ಬ್ಯಾಟರಿ. ಇಗ್ನಿಷನ್ ಪೆಟ್ಟಿಗೆಗೂ ರಿಸೀವರಿಗೂ 30 ಸೆಂ.ಮೀ. ಅಂತರ. ಟ್ರಾನ್ಸ್‌ಮಿಟರಿನಿಂದಲೇ ಇಗ್ನಿಷನ್ ಆರಿಸುವ ಆಪ್ಟಿಕಲ್ ಸ್ವಿಚ್ ಹಾಕಿ. ಥ್ರಾಟಲ್ ಕೊಂಡಿ ಕಳಚಿದರೆ ಎಂಜಿನ್ ನಿಲ್ಲಿಸಲು ಬೇರೆ ದಾರಿ ಇರುವುದಿಲ್ಲ. ಫೇಲ್‌ಸೇಫ್‌ನಲ್ಲೂ ಅದೇ ಆಗಲಿ: ಸಿಗ್ನಲ್ ತಪ್ಪಿದರೆ ಇಗ್ನಿಷನ್ ಬಂದ್.

ಕೌಲಿಂಗ್ (ಎಂಜಿನ್ ಮುಚ್ಚುವ ಕವಚ) ಒಳಗೆ ಗಾಳಿ: ಒಳಬರುವ ಕಿಂಡಿಯ ಎರಡೂವರೆ ಪಟ್ಟು ದೊಡ್ಡ ಹೊರದಾರಿ ಬೇಕು. ಗಾಳಿ ಸಿಲಿಂಡರಿನ ಪಕ್ಕದಿಂದ ನುಸುಳಿ ಹೋಗದೆ ಅದರ ತಂಪು ಪಟ್ಟಿಗಳ (ಫಿನ್) ನಡುವೆಯೇ ಹಾಯುವಂತೆ ಬಾಲ್ಸಾ ತಡಿಕೆ ಕಟ್ಟಿ. ನೆಲದಲ್ಲಿ ಚೆನ್ನಾಗಿ ಓಡಿದ ಎಂಜಿನ್ ಮೂರನೆಯ ನಿಮಿಷಕ್ಕೆ ಮೇಲೆ ನಿಂತರೆ ಮೊದಲ ಅನುಮಾನ ಇದರ ಮೇಲೆಯೇ.

ತಂತಿಕಟ್ಟು
ಜೋಡಣೆಯ ಕ್ರಮ ಬರೆದಿಡಿ, ಕ್ರಮ ತಪ್ಪಿದರೆ ಎಷ್ಟು ತಿರುಗಿಸಿದರೂ ಸರಿಹೋಗುವುದಿಲ್ಲ. ಒಡಲನ್ನು ಮಟ್ಟದಲ್ಲಿಡಿ. ಮೇಲುರೆಕ್ಕೆಯ ನಡುತುಂಡು ಕ್ಯಾಬೇನ್ ಮೇಲೆ ಕೂರಿಸಿ ನೇರ ಮಾಡಿ ಬಿಗಿಯಿರಿ. ಕೆಳರೆಕ್ಕೆ, ಆಮೇಲೆ ಮೇಲುರೆಕ್ಕೆ, ಆಮೇಲೆ ಸ್ಟ್ರಟ್. ಈಗ ಲ್ಯಾಂಡಿಂಗ್ ವೈರ್ ಬಿಗಿದು ಡೈಹೆಡ್ರಲ್ (ರೆಕ್ಕೆತುದಿ ಮೇಲೇರಿದ ಕೋನ) ಎಡಬಲ ಒಂದೇ ಮಾಡಿ. ನಂತರ ಸ್ಟ್ಯಾಗರ್ ವೈರ್‌ನಿಂದ ಕೋನ ಸರಿಮಾಡಿ. ಫ್ಲೈಯಿಂಗ್ ವೈರ್ ಕೊನೆಗೆ. ಅದನ್ನು ಮೊದಲೇ ಎಳೆದರೆ ರೆಕ್ಕೆ ಕೆಳಕ್ಕೆ ಬಾಗಿ, ಲ್ಯಾಂಡಿಂಗ್ ವೈರ್ ಅದಕ್ಕೆ ಜಗಳವಾಡಿ, ಕ್ಯಾಬೇನ್ ನಡುವೆ ಸಿಕ್ಕಿ ವಾಲುತ್ತದೆ.

ಬಿಗಿ ಎಷ್ಟು? ಜೋತುಬೀಳಬಾರದು, ಅಷ್ಟೇ. ಬೆರಳಿನಿಂದ ಮೀಟಿದರೆ ವೀಣೆಯಂತೆ ನಾದ ಬರುತ್ತಿದ್ದರೆ ಹೆಚ್ಚಾಯಿತು, ಅರ್ಧ ಸುತ್ತು ಸಡಿಲಿಸಿ. ತಂತಿಗಳು ಒಂದನ್ನೊಂದು ದಾಟುವ ಕಡೆ ಚಿಕ್ಕ ಮರದ ಗುಂಡಿ ಕಟ್ಟಿ, ಇಲ್ಲದಿದ್ದರೆ ಗಾಳಿಯಲ್ಲಿ ಕಂಪಿಸಿ ಲೇಪನ ಸವೆಯುತ್ತದೆ. ತಂತಿ ಬಿಗಿಮಾಡುವ ತಿರುಪುಗಳಾದ ಟರ್ನ್‌ಬಕಲ್‌ಗಳಿಗೆ ಲಾಕ್‌ನಟ್ ಅಥವಾ ತೆಳು ತಂತಿಯ ಬೀಗ ಕಡ್ಡಾಯ.

ಕೋನದ ವಿಷಯ: ರೆಕ್ಕೆ ಕೂತ ಕೋನ ತೋರಿಸುವ ಡಿಜಿಟಲ್ ಇನ್ಸಿಡೆನ್ಸ್ ಮೀಟರಿನಿಂದ ನಾಲ್ಕು ಅರೆರೆಕ್ಕೆಗಳ ಬುಡ, ತುದಿ ಎರಡೂ ಅಳೆಯಿರಿ. ನಕ್ಷೆ ಹೇಳಿದ ಕೋನದಿಂದ ಅರ್ಧ ಡಿಗ್ರಿ ಆಚೀಚೆ ಆದರೆ ಹಾರುವಾಗಿನ ಸಣ್ಣ ತಿದ್ದುಪಡಿಯಾದ ಟ್ರಿಮ್‌ನಲ್ಲಿ ಹೋಗುತ್ತದೆ. ಎಡಕ್ಕೂ ಬಲಕ್ಕೂ ಅರ್ಧ ಡಿಗ್ರಿ ವ್ಯತ್ಯಾಸವಾದರೆ ವಿಮಾನ, ವೇಗ ಇಳಿದು ರೆಕ್ಕೆ ಎತ್ತುಬಲ ಕಳೆದುಕೊಳ್ಳುವ ಸ್ಟಾಲ್‌ನಲ್ಲಿ ಪ್ರತಿ ಸಲ ಅದೇ ಕಡೆ ಬೀಳುತ್ತದೆ. ರೆಕ್ಕೆತುದಿಯಿಂದ ರಡ್ಡರ್ ಕಂಬಕ್ಕೆ ದಾರ ಹಿಡಿದು ಎಡಬಲ ಹೋಲಿಸಿ, 3 ಮಿ.ಮೀ. ಒಳಗಿರಬೇಕು.

ಗಾಳಿಚೀಲ
ಮೇಲುರೆಕ್ಕೆಯ ಮುಂಅಂಚಿನ ತೆರೆಯುವ ಪಟ್ಟಿಗಳಾದ ಸ್ಲ್ಯಾಟ್‌ಗಳನ್ನು ಕೆಲಸ ಮಾಡುವಂತೆ ಕಟ್ಟಬಹುದೇ? ಮೂಲದಲ್ಲಿ ತಾನಾಗಿ ತೆರೆದುಕೊಳ್ಳುತ್ತವಲ್ಲ.

ಲೆಕ್ಕಪುಸ್ತಕ
ಕಟ್ಟಬಹುದು, ಕಟ್ಟಬಾರದು. ಸ್ಟಾಲ್ ಹತ್ತಿರ ಒಂದು ತೆರೆದು ಇನ್ನೊಂದು ಕಚ್ಚಿಕೊಂಡರೆ ನೆಲಕ್ಕೆ ಹತ್ತಿರ ಇರುವಾಗಲೇ ಉರುಳುತ್ತದೆ. ಆಕಾರ ಮಾಡಿ ಅಂಟಿಸಿಬಿಡಿ. ರೆಕ್ಕೆಯ ಭಾರ ಚದರ ಮೀಟರಿಗೆ 6.5 ಕೆ.ಜಿ. ಮಾತ್ರ, ಸ್ಟಾಲ್ ವೇಗ ಗಂಟೆಗೆ 34–35 ಕಿ.ಮೀ. ಸ್ಲ್ಯಾಟ್‌ನ ಅಗತ್ಯವೇ ಇಲ್ಲ.

ಎರಡುರೆಕ್ಕೆ
ಬಟ್ಟೆ, ಸ್ಟ್ರಟ್ ದಿಮ್ಮಿ, ತಂತಿ ಎಲ್ಲ ಮುಗಿದವು. ಒಟ್ಟು 9.2 ಕೆ.ಜಿ., ಖಾಲಿ ಟ್ಯಾಂಕಿನಲ್ಲಿ ಸಿಜಿ 26%. ಎಂಜಿನ್ 30 ಸಿಸಿ. ಹಾರಿಸುವ ಮೊದಲು ಚಲನೆ ಎಷ್ಟೆಷ್ಟು ಇಡಬೇಕು?

ಗಾಳಿಚೀಲ
ಏಲೆರಾನ್ ಕೆಳರೆಕ್ಕೆಯಲ್ಲಿ ಮಾತ್ರ ಇದೆ ಎಂಬುದು ನೆನಪಿರಲಿ. ಮೇಲಕ್ಕೆ 25 ಮಿ.ಮೀ., ಕೆಳಕ್ಕೆ 8. ಮೂಲ ವಿಮಾನದಲ್ಲೂ ಹೀಗೇ, ಕೆಳಗಿಳಿಯುವ ಏಲೆರಾನ್ ಹೆಚ್ಚುಕಡಿಮೆ ಚಲಿಸುವುದೇ ಇಲ್ಲ. ಎರಡೂ ಕಡೆ ಸಮ ಕೊಟ್ಟರೆ ಕೆಳಗಿಳಿದ ಏಲೆರಾನಿನ ತಡೆ ಮೂತಿಯನ್ನು ತಿರುವಿನ ಹೊರಕ್ಕೆ ಎಳೆಯುತ್ತದೆ. ವಿಮಾನ ಎಡಕ್ಕೆ ವಾಲಿ ಬಲಕ್ಕೆ ನೋಡುತ್ತ ಹೋಗುತ್ತದೆ. ರಡ್ಡರ್ ಪೂರ್ತಿ ಕೊಡಿ, ಎಲಿವೇಟರ್ ಆಚೀಚೆ 30 ಮಿ.ಮೀ., ಎರಡಕ್ಕೂ 30% (ಕಡ್ಡಿ ನಡುವಿನಲ್ಲಿರುವಾಗ ಚಲನೆ ಮೆದುವಾಗಿಸುವ) ಎಕ್ಸ್‌ಪೊ. ಏಲೆರಾನ್ ಜೊತೆ ರಡ್ಡರ್ ತಾನಾಗಿ ಚಲಿಸುವ ಮಿಕ್ಸ್ 20% ಇಟ್ಟುಕೊಂಡರೂ ಸ್ವಿಚ್ಚಿನಲ್ಲಿರಲಿ. ಅಡ್ಡಗಾಳಿಯಲ್ಲಿ ಇಳಿಯುವಾಗ ಮಿಕ್ಸ್ ಶತ್ರು.

ಸ್ಪಿನ್ನರ್
ಎಂಜಿನ್ ಕೋನ 2 ಡಿಗ್ರಿ ಕೆಳಕ್ಕೆ, 2 ಡಿಗ್ರಿ ಬಲಕ್ಕೆ. ಇಲ್ಲಿ ಮೂಲ ವಿಮಾನದ ಚಿತ್ರ ನೋಡಿ ನಕಲು ಮಾಡಬಾರದು. ಜಿಪ್ಸಿ ಮೇಜರ್ ಪೈಲಟ್ ಕಡೆಯಿಂದ ನೋಡಿದರೆ ಅಪ್ರದಕ್ಷಿಣವಾಗಿ ತಿರುಗುತ್ತದೆ, ನಮ್ಮ ಎಂಜಿನ್‌ಗಳು ಪ್ರದಕ್ಷಿಣ. ನಿಜವಾದ ಟೈಗರ್ ಮಾತ್ ಓಡುವಾಗ ಬಲಕ್ಕೆ ಎಳೆಯುತ್ತದೆ, ಮಾದರಿ ಎಡಕ್ಕೆ ಎಳೆಯುತ್ತದೆ.

ಗಾಳಿಚೀಲ
ಹೌದು, ಅದಕ್ಕೇ ಬಲ ರಡ್ಡರ್ ಮೇಲೆ ಬೆರಳು ಸಿದ್ಧವಿರಲಿ. ಮೊದಲ ಹಾರಾಟ ಹೀಗಾಗಲಿ: ಗಾಳಿ ಗಂಟೆಗೆ 10 ಕಿ.ಮೀ. ಒಳಗೆ, ನೇರ ಎದುರಿಗೆ. ಎಂಜಿನ್ ಓಡುತ್ತಿರುವಾಗಲೂ ಒಮ್ಮೆ, ನಿಂತಿರುವಾಗಲೂ ಒಮ್ಮೆ ರೇಂಜ್ ಪರೀಕ್ಷೆ. ಎಲಿವೇಟರ್ ಹಿಂದಕ್ಕೆಳೆದು ಬಾಲ ನೆಲಕ್ಕೊತ್ತಿ, ಥ್ರಾಟಲನ್ನು ಮೂರು ನಾಲ್ಕು ಸೆಕೆಂಡಿನಲ್ಲಿ ನಿಧಾನವಾಗಿ ಏರಿಸಿ. ಒಮ್ಮೆಲೇ ಒತ್ತಿದರೆ ರಡ್ಡರಿಗೆ ಗಾಳಿ ಸಿಗುವ ಮೊದಲೇ ಎಡಕ್ಕೆ ಸುತ್ತು ಹೊಡೆಯುತ್ತದೆ. ವೇಗ ಬಂದಂತೆ ಎಲಿವೇಟರ್ ಬಿಡುತ್ತ ಬನ್ನಿ, ಬಾಲ ಏಳಲಿ, ಚಕ್ರದ ಮೇಲೆ ಇನ್ನೂ ಹತ್ತು ಮೀಟರ್ ಓಡಲಿ, ಆಮೇಲೆ ಏರಿ. ಏರುವ ಕೋನ ಕಡಿಮೆ. ಮೊದಲ ತಿರುವು ಮರದೆತ್ತರ ದಾಟಿದ ಮೇಲೆ, ಅಗಲವಾಗಿ.

ಎತ್ತರಕ್ಕೆ ಹೋಗಿ ಟ್ರಿಮ್ ಆದಮೇಲೆ ಅಲ್ಲೇ ಥ್ರಾಟಲ್ ಇಳಿಸಿ ಸ್ಟಾಲ್ ನೋಡಿ. ಮೂತಿ ನೇರವಾಗಿ ತಗ್ಗಿದರೆ ಸರಿ. ಒಂದು ಕಡೆ ವಾಲಿದರೆ ಆ ಹಾರಾಟದಲ್ಲಿ ನಿಧಾನವಾಗಿ ಇಳಿಯಲು ಹೋಗಬೇಡಿ, ಗಂಟೆಗೆ ಐದಾರು ಕಿ.ಮೀ. ವೇಗ ಹೆಚ್ಚೇ ಇಟ್ಟು ತನ್ನಿ.

ಇಳಿಯುವುದರಲ್ಲೇ ಈ ಜಾತಿಯ ವಿಮಾನಗಳು ಮುರಿಯುವುದು. ಒಂದೇ ರೆಕ್ಕೆಯ ಟ್ರೈನರ್ ಹಾರಿಸಿದವರು ಅಭ್ಯಾಸಬಲದಿಂದ ಥ್ರಾಟಲ್ ಪೂರ್ತಿ ಇಳಿಸುತ್ತಾರೆ. ತಡೆ ಇಷ್ಟಿರುವಾಗ ವೇಗ ಎರಡು ಸೆಕೆಂಡಿನಲ್ಲಿ ಕರಗಿ ವಿಮಾನ ಕುಸಿಯುತ್ತದೆ. ಕಾಲುಭಾಗ ಥ್ರಾಟಲ್ ಇಟ್ಟು, ಮೂತಿ ಕೊಂಚ ತಗ್ಗಿಸಿ, ಗಂಟೆಗೆ 45 ಕಿ.ಮೀ. ಆಸುಪಾಸಿನಲ್ಲಿ ಬನ್ನಿ. ಚಕ್ರ ತಾಗಿದ ಮೇಲೆ ಥ್ರಾಟಲ್ ಇಳಿಸಿ, ಬಾಲ ತಾನಾಗಿ ಕೂರುವ ತನಕ ಎಲಿವೇಟರ್ ನಡುವೆಯೇ ಇರಲಿ, ಕೂತ ಮೇಲೆ ಪೂರ್ತಿ ಹಿಂದಕ್ಕೆ.

ತಂತಿಕಟ್ಟು
ಹುಲ್ಲುನೆಲದಲ್ಲಿ ಎರಡು ಚಕ್ರ, ಬಾಲದ ಸ್ಕಿಡ್ ಮೂರೂ ಒಟ್ಟಿಗೆ ಇಳಿಸುವುದೇ ಮೇಲು. ಎರಡು ಚಕ್ರದ ಮೇಲೆ ವೇಗವಾಗಿ ಬಂದರೆ ಒಂದು ಗುಳಿ ಸಾಕು, ಮೂತಿ ಕುತ್ತುತ್ತದೆ.

ಗಾಳಿಚೀಲ
ಸಮತಟ್ಟಾದ ನೆಲವಾದರೆ ಎರಡು ಚಕ್ರ, ಉದ್ದ ಹುಲ್ಲಾದರೆ ಮೂರು. ಒಪ್ಪಿದೆ. ಆದರೆ ಮೂತಿ ಕುತ್ತುವುದು ಬಹಳ ಸಲ ಚಕ್ರದ ಜಾಗದ ದೋಷ. ಹಾರುವ ಭಂಗಿಯಲ್ಲಿ ಸಿಜಿಯಿಂದ ಅಚ್ಚಿಗೆ ಗೆರೆ ಎಳೆದರೆ ನೆಟ್ಟಗಿನ ಗೆರೆಗಿಂತ 15–18 ಡಿಗ್ರಿ ಮುಂದಿರಬೇಕು. ಅಚ್ಚು 10 ಸೆಂ.ಮೀ. ಮುಂದೆ, ಸಿಜಿ 32 ಸೆಂ.ಮೀ. ಮೇಲೆ ಇದ್ದರೆ 17 ಡಿಗ್ರಿ, ಸರಿಯಾಗಿದೆ. ಕಡಿಮೆ ಇದ್ದರೆ ಕುತ್ತುತ್ತದೆ, 20 ದಾಟಿದರೆ ನೆಲ ತಾಗಿದಾಗಲೆಲ್ಲ ಬಾಲ ಬಿದ್ದು ಕುಪ್ಪಳಿಸುತ್ತದೆ.

ಎರಡುರೆಕ್ಕೆ
ವಾಹನದಲ್ಲಿ ಒಯ್ಯಲು ಪ್ರತಿ ಸಲ ರೆಕ್ಕೆ ಬಿಚ್ಚಬೇಕು. ತಂತಿಗಳನ್ನೆಲ್ಲ ಪ್ರತಿ ಸಲ ಹೊಸದಾಗಿ ಹೊಂದಿಸಬೇಕೇ?

ತಂತಿಕಟ್ಟು
ಬೇಡ. ಒಂದು ಬದಿಯ ಮೇಲುರೆಕ್ಕೆ, ಕೆಳರೆಕ್ಕೆ, ಸ್ಟ್ರಟ್‌ಗಳನ್ನು ಒಂದೇ ಪೆಟ್ಟಿಗೆಯಂತೆ ಜೋಡಿಸಿಯೇ ಇಡಿ, ಸ್ಟ್ಯಾಗರ್ ವೈರ್ ಹಾಗೇ ಇರಲಿ. ಒಡಲ ಕಡೆಯ ತುದಿಯಲ್ಲಿ ಫ್ಲೈಯಿಂಗ್ ವೈರ್, ಲ್ಯಾಂಡಿಂಗ್ ವೈರ್‌ಗಳ ಪಿನ್ ಮಾತ್ರ ಎಳೆದು ತೆಗೆಯಿರಿ. ಟರ್ನ್‌ಬಕಲ್‌ಗಳಿರುವುದು ಸ್ಟ್ರಟ್ ಕಡೆ, ಅವನ್ನು ಮುಟ್ಟುವಂತಿಲ್ಲ. ಮೊದಲು ಫ್ಲೈಯಿಂಗ್ ವೈರ್ ಕಳಚಿ, ರೆಕ್ಕೆತುದಿಯನ್ನು ಒಬ್ಬರು ಕೊಂಚ ಎತ್ತಿ ಹಿಡಿದಾಗ ಲ್ಯಾಂಡಿಂಗ್ ವೈರ್‌ನ ಪಿನ್ ಸಲೀಸಾಗಿ ಬರುತ್ತದೆ. ಕೂರಿಸುವಾಗ ಇದರ ಹಿಮ್ಮುಖ. ಪಿನ್‌ಗಳಿಗೆ ಕೆಂಪು ರಿಬ್ಬನ್ ಕಟ್ಟಬೇಡಿ, ಹಾರುವಾಗ ಬಡಿಯುತ್ತದೆ. ಬದಲಿಗೆ ಸೇಫ್ಟಿ ಕ್ಲಿಪ್ ಹಾಕಿ, ಕೂರಿಸಿದ ಮೇಲೆ ಎಣಿಸಿ. ಮೊದಲ ಹತ್ತು ಹಾರಾಟದವರೆಗೆ ಪ್ರತಿ ಜೋಡಣೆಯ ನಂತರ ಇನ್ಸಿಡೆನ್ಸ್ ಮೀಟರ್ ಒಂದು ಸಲ ಇಟ್ಟು ನೋಡಿ. ಅಂಕಿ ಬದಲಾಗಿದ್ದರೆ ತಂತಿ ಹಿಗ್ಗಿಲ್ಲ, ಯಾವುದೋ ಕ್ರಿಂಪ್ ಜಾರಿದೆ ಎಂದರ್ಥ. ಆ ತಂತಿಯನ್ನು ಬಿಗಿಮಾಡಿ ಹಾರಿಸಬೇಡಿ, ಕಿತ್ತು ಹೊಸದು ಹಾಕಿ.